ಸುಖಾನುಬಂಧ: ಹಳೆಯ ವಿನೋದಗಳ ಹಂಬಲವನ್ನು ಕುರಿತು

ಸಕಲೇಶಪುರ ಮತ್ತು ಆಲೂರಿನ ಬೆಟ್ಟಸಾಲುಗಳಲ್ಲಿ ಮಳೆಗಾಲವೆಂದರೆ ಮನುಷ್ಯ ಮನೆಯೊಳಗೆ ಕೂರಬೇಕಾದ ಕಾಲ. ಹೆತ್ತೂರು, ಹಾನುಬಾಳು, ಬಿಸಿಲೆಯ ಕಡೆ ಜಡಿಮಳೆ ಹಿಡಿಯಿತೆಂದರೆ ತೋಟದ ಕೆಲಸ ನಿಲ್ಲುತ್ತದೆ. ಹಳ್ಳಗಳೆಲ್ಲ ಕೆಂಪುನೀರನ್ನು ಹೊತ್ತು ಧಾವಿಸುತ್ತವೆ. ಹೋದ ವಿದ್ಯುತ್ತು ಯಾವಾಗ ಬರುವುದೆಂದು ಹೇಳುವವರಿರುವುದಿಲ್ಲ. ಇದೇ ತಿಂಗಳುಗಳಲ್ಲಿ ಜೈನ ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸಕ್ಕೆ ಒಂದೆಡೆ ನೆಲೆಸುತ್ತಾರೆ. ತೊಯ್ದ ನೆಲದಲ್ಲಿ ಹುಟ್ಟಿಬರುವ ಅಸಂಖ್ಯ ಜೀವಿಗಳು ಕಾಲಡಿಗೆ ಸಿಕ್ಕಿ ನೋಯದಿರಲೆಂಬುದು ಆ ನಿಯಮದ ಆಶಯ. ಮುನಿಯ ನಿಲುಗಡೆ ವ್ರತದಿಂದ ಬಂದದ್ದು, ಗೃಹಸ್ಥನದು ಮಳೆಯಿಂದ ಬಂದದ್ದು. ಮುನಿಗೆ ಆ ಬಿಡುವು ಸ್ವಾಧ್ಯಾಯಕ್ಕೆ ಸಲ್ಲುತ್ತದೆ. ಗೃಹಸ್ಥನ ಬಿಡುವು ಎತ್ತ ಹರಿಯುತ್ತದೆ ಎಂಬುದು ವಿಚಾರಾರ್ಹವಾದ ಸಂಗತಿ.

ಅಂಥ ಒಂದು ಮಳೆಗಾಲದ ಸಂಜೆಯನ್ನೂ ಒಬ್ಬ ಶ್ರಾವಕರನ್ನೂ ಕಲ್ಪಿಸಿಕೊಳ್ಳಬಹುದು. ಅವರು ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಸಮಾಜದ ಹಲವು ಹಿರಿಯರ ಬಾಳಿನಿಂದ ಕೂಡಿಸಿಕೊಂಡ ಚಿತ್ರ. ವಯಸ್ಸು ಎಂಬತ್ತೇಳು. ವೈದ್ಯಪದವಿ ಮುಗಿಸಿ 1965ರಲ್ಲಿ ಇಂಗ್ಲೆಂಡಿಗೆ ತೆರಳಿ ಲೆಸ್ಟರ್ ನಗರದಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿದವರು. 1995ರಲ್ಲಿ ಹಿಂದಿರುಗಿ, ಆಲೂರಿನ ಮೇಲಣ ತಮ್ಮ ತಂದೆಯವರ ಕಾಫಿತೋಟದಲ್ಲಿ ನೆಲೆಸಿದ್ದಾರೆ. ನಿತ್ಯ ಅಭಿಷೇಕ, ಪೂಜೆ, ಸೂರ್ಯಾಸ್ತಕ್ಕೆ ಮುನ್ನ ಊಟ, ಪರ್ವದಿನಗಳಲ್ಲಿ ಏಕಭುಕ್ತ. ಆಚಾರದಲ್ಲಿ ಕೊರತೆ ಹುಡುಕುವುದು ಕಷ್ಟ. ಆದರೆ ಸಂಜೆಯ ಊಟ ಮುಗಿದು ಮಡದಿ ಒಳಕೋಣೆಯಲ್ಲಿ ಸಾಮಾಯಿಕಕ್ಕೆ ಕುಳಿತ ಮೇಲೆ, ಅವರು ಮೊಮ್ಮಗಳ ಫೋನನ್ನು ಕೇಳಿ ಪಡೆಯುತ್ತಾರೆ. ಆ ಅಂಗೈಯಗಲದ ತೆರೆಯ ಮೇಲೆ, ಅರುವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ನಡೆದ ವಿವಿಧ ವಿನೋದಾವಳಿಯೊಂದು ಕಪ್ಪುಬಿಳುಪಿನಲ್ಲಿ ಮತ್ತೆ ಆರಂಭವಾಗುತ್ತದೆ. ಹಾಡುಗಾರ, ನರ್ತಕಿಯರ ಸಾಲು, ದೊಂಬರಾಟ, ಐಂದ್ರಜಾಲ, ಒಬ್ಬ ವಿದೂಷಕ. ಹಂಚಿನ ಮೇಲೆ ಮಳೆಯ ಸದ್ದು ಎಷ್ಟೇ ಇರಲಿ, ಅಂದಿನ ಸಭಿಕರ ನಗೆ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಬ್ರಿಟನ್ನಿನ ಮನೆಮನೆಗಳಲ್ಲಿ ಈ ವಿನೋದಾವಳಿಗಳಿಗೆ ಇದ್ದ ಸ್ಥಾನವನ್ನು ಇಂದಿನವರು ಊಹಿಸುವುದು ಸುಲಭವಲ್ಲ. 'ಸಂಡೇ ನೈಟ್ ಅಟ್ ದಿ ಲಂಡನ್ ಪಲೇಡಿಯಂ' ಎಂಬುದು 1955ರ ಸೆಪ್ಟೆಂಬರಿನಲ್ಲಿ, ಅಲ್ಲಿ ಖಾಸಗಿ ಟೆಲಿವಿಷನ್ ತೊಡಗಿದ ಮೊದಲ ವಾರದಲ್ಲೇ ಆರಂಭವಾಗಿ 1967ರವರೆಗೆ ನಡೆಯಿತು. 1961ರಲ್ಲಿ ನಟರ ಸಂಘ ಮುಷ್ಕರ ಹೂಡಿದಾಗ ಬ್ರೂಸ್ ಫೋರ್ಸೈತ್ ಮತ್ತು ನಾರ್ಮನ್ ವಿಸ್ಡಂ ಎಂಬ ಇಬ್ಬರೇ ಇಡೀ ಕಾರ್ಯಕ್ರಮವನ್ನು ನಡೆಸಿಕೊಟ್ಟದ್ದನ್ನು ಅಲ್ಲಿನ ಹಿರಿಯರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಪ್ರತಿ ಭಾನುವಾರ ಕೊನೆಯಲ್ಲಿ ಕಲಾವಿದರೆಲ್ಲ ತಿರುಗುವ ವೇದಿಕೆಯ ಮೇಲೆ ನಿಂತು ಕೈಬೀಸುವರು; ವೇದಿಕೆ ಸುತ್ತುತ್ತ ಒಬ್ಬೊಬ್ಬರನ್ನೂ ಮರೆಗೆ ಒಯ್ದು ಮತ್ತೆ ಮುಂದಕ್ಕೆ ತರುವುದು. ಸಂಸಾರಚಕ್ರವನ್ನು ಕಂಡರಿಸಲು ಹೊರಟ ಶಿಲ್ಪಿಗೂ ಇದಕ್ಕಿಂತ ನೇರವಾದ ಪ್ರತಿಮೆ ದೊರಕದು. ನೋಡುವವರಿಗೆ ಆಗ ಹಾಗೆನಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.

ಈ ಹಿರಿಯರ ಸಂಜೆಯಲ್ಲಿ ದೋಷವಿದೆಯೇ? ಶಾಸ್ತ್ರವನ್ನು ತೆರೆದು ನೋಡಿದರೆ ಉತ್ತರ ಮೇಲ್ನೋಟಕ್ಕೆ ಕಠಿಣವಾಗಿಯೇ ಇದೆ. ಚಾರಿತ್ರಮೋಹನೀಯ ಕರ್ಮದ ಭೇದಗಳಾದ ಒಂಬತ್ತು ನೋಕಷಾಯಗಳಲ್ಲಿ ಮೊದಲನೆಯದೇ ಹಾಸ್ಯ. ಅನರ್ಥದಂಡವ್ರತದ ಅತಿಚಾರಗಳನ್ನು ಹೇಳುವಲ್ಲಿ ಉಮಾಸ್ವಾತಿ ಆಚಾರ್ಯರು ಕಂದರ್ಪ, ಕೌತ್ಕುಚ್ಯ, ಮೌಖರ್ಯಗಳನ್ನು ಹೆಸರಿಸುತ್ತಾರೆ. ಕಂದರ್ಪವೆಂದರೆ ರಾಗದಿಂದ ಕೂಡಿದ ಪರಿಹಾಸದ ಮಾತು. ಕೌತ್ಕುಚ್ಯವೆಂದರೆ ಅದಕ್ಕೆ ಅಂಗಚೇಷ್ಟೆ ಸೇರಿದ್ದು. ಮೌಖರ್ಯವೆಂದರೆ ಹುರುಳಿಲ್ಲದ ವಾಚಾಳತನ. ಲಂಡನ್ನಿನ ವಿದೂಷಕನ ಇಡೀ ಕಸುಬನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಮೂರು ಪದಗಳಲ್ಲಿ ವರ್ಗೀಕರಿಸಿ ಇಟ್ಟಂತಿದೆ. ಆದರೆ ಈ ಅತಿಚಾರಗಳು ನಗಿಸುವವನಿಗೂ ನಗುವ ಕ್ಷಣಕ್ಕೂ ಸಂಬಂಧಿಸಿದವು. ಅರುವತ್ತು ವರ್ಷಗಳ ಹಿಂದಿನ ನಗೆಯನ್ನು ಇಂದು ಮತ್ತೆ ಬಯಸುವುದಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಅದು ಸುಖಾನುಬಂಧ.

ಈ ಪದ ಬರುವ ಸ್ಥಳವನ್ನು ಗಮನಿಸಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ ಬದುಕಿನ ಆಸೆ, ಮರಣದ ಆಸೆ, ಮಿತ್ರಾನುರಾಗ ಇವುಗಳ ಬಳಿಕ ಇದು ಬರುತ್ತದೆ; ಕೊನೆಯದು ನಿದಾನ. ಹಿಂದೆ ಅನುಭವಿಸಿದ ಪ್ರೀತಿಕರ ವಿಷಯಗಳನ್ನು ಮತ್ತೆ ಮತ್ತೆ ಸ್ಮೃತಿಗೆ ತಂದುಕೊಳ್ಳುವುದೇ ಸುಖಾನುಬಂಧವೆಂದು ಪೂಜ್ಯಪಾದರ ವಿವರಣೆ. ಅನ್ನಪಾನಗಳನ್ನೂ ದೇಹದ ಮೋಹವನ್ನೂ ಬಿಡಲು ಸಂಕಲ್ಪಿಸಿದವನನ್ನೂ ಕಟ್ಟಕಡೆಯಲ್ಲಿ ಕೆಡಹಬಲ್ಲದ್ದೆಂದು ಆಚಾರ್ಯರು ಹಳೆಯ ಸುಖದ ನೆನಪನ್ನು ಗುರುತಿಸಿದ್ದಾರೆ. ಚಂದ್ರಗಿರಿಯ ಮೇಲೆ ಸಲ್ಲೇಖನದಿಂದ ದೇಹವಿಟ್ಟವರ ಎಷ್ಟೋ ನಿಸಿದಿ ಶಾಸನಗಳಿವೆ. ಸಕಲೇಶಪುರದಿಂದ ಅದು ಹೆಚ್ಚೆಂದರೆ ಎರಡು ಗಂಟೆಯ ಹಾದಿ. ಆ ಬಂಡೆಗಳ ಮೇಲೆ ಮಲಗಿದವರಿಗೂ ಕೊನೆಯ ಇರುಳುಗಳಲ್ಲಿ ಯಾವುದೋ ಜಾತ್ರೆಯ ವಾದ್ಯ, ಯಾರದೋ ನಗೆ ಕೇಳಿಸಿರಲಾರದೆಂದು ಹೇಳಲಾದೀತೆ?

ಆದರೂ ದೋಷದ ಹೆಸರು ತಿಳಿದ ಮಾತ್ರಕ್ಕೆ ಅದರ ಸ್ವರೂಪ ತಿಳಿದಂತಾಗುವುದಿಲ್ಲ. ಅದಕ್ಕೆ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ನೋಡಬೇಕು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ್ದನ್ನು 941ರಲ್ಲಿ ಪಂಪ ಕನ್ನಡಕ್ಕೆ ತಂದ. ಅಂದಿನಿಂದ ಕನ್ನಡನಾಡಿನಲ್ಲಿ ಆ ಕಥೆಯನ್ನು ಅರಿಯದ ಶ್ರಾವಕರ ಮನೆ ಇಲ್ಲ. ವೃಷಭನಾಥನ ಆಯುಷ್ಯದ ಎಂಬತ್ತನಾಲ್ಕು ಲಕ್ಷ ಪೂರ್ವಗಳಲ್ಲಿ ಎಂಬತ್ತಮೂರು ಲಕ್ಷ ಪೂರ್ವಗಳು ಭೋಗದಲ್ಲೇ ಕಳೆದಿವೆ. ದೇವೇಂದ್ರನು ಆಯುಷ್ಯ ತೀರುತ್ತ ಬಂದ ನೀಲಾಂಜನೆಯನ್ನೇ ಆರಿಸಿ ಆಸ್ಥಾನದಲ್ಲಿ ನರ್ತಿಸಲು ಕಳುಹಿಸುತ್ತಾನೆ. ನರ್ತನದ ನಡುವೆಯೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲೇ ಅವಳನ್ನೇ ಹೋಲುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ, ಸಭೆ ತಲೆದೂಗುತ್ತಲೇ ಇರುತ್ತದೆ. ಒಬ್ಬಳು ಹೋಗಿ ಇನ್ನೊಬ್ಬಳು ಬಂದದ್ದನ್ನು ಕಂಡವನು ವೃಷಭನೊಬ್ಬನೇ. ಅವನಿಗೆ ವೈರಾಗ್ಯ ಹುಟ್ಟಿದ್ದು ಅಲ್ಲಿ.

ಇದನ್ನು ಪುರಾಣದ ಅತಿಶಯವೆಂದು ತಳ್ಳಿಹಾಕುವವರು 1984ರ ಏಪ್ರಿಲ್ 15ರ ಘಟನೆಯನ್ನು ಕೇಳಬೇಕು. ಅಂದು ಲಂಡನ್ನಿನ ಹರ್ ಮೆಜೆಸ್ಟೀಸ್ ನಾಟಕಶಾಲೆಯಿಂದ ವಿವಿಧ ವಿನೋದಾವಳಿಯೊಂದು ದೇಶಕ್ಕೆಲ್ಲ ನೇರವಾಗಿ ಪ್ರಸಾರವಾಗುತ್ತಿತ್ತು. ಟಾಮಿ ಕೂಪರ್ ಎಂಬ ಪ್ರಸಿದ್ಧ ವಿದೂಷಕ ವೇದಿಕೆಯ ಮೇಲಿದ್ದ. ಅವನು ನುರಿತ ಐಂದ್ರಜಾಲಿಕ. ಆದರೆ ಮಾಟವೆಲ್ಲ ಕೆಟ್ಟುಹೋದಂತೆ ನಟಿಸಿ ನಗಿಸುವುದು ಅವನ ವೈಶಿಷ್ಟ್ಯ. ತಲೆಯ ಮೇಲೆ ಕೆಂಪು ತುರ್ಕಿ ಟೋಪಿ. ಆಟದ ನಡುವೆ ಅವನು ಕುಸಿದು ತೆರೆಗೆ ಒರಗಿ ಕುಳಿತ. ಅದೂ ಒಂದು ವಿನೋದವೆಂದೇ ತಿಳಿದು ಸಭೆ ಗೊಳ್ಳೆಂದು ನಕ್ಕಿತು. ಅವನು ಉಸಿರಿಗಾಗಿ ಹೆಣಗುತ್ತಿದ್ದಾಗಲೂ ನಗೆ ನಿಲ್ಲಲಿಲ್ಲ. ಪ್ರಸಾರದಲ್ಲಿ ಜಾಹೀರಾತು ಬಂತು. ಅವನನ್ನು ತೆರೆಯ ಹಿಂದಕ್ಕೆ ಎಳೆದುಕೊಂಡರು. ಬಳಿಕ ಮುಂದಿನ ಕಲಾವಿದರು ಅದೇ ತೆರೆಯ ಮುಂದೆ ಬಂದು ಕಾರ್ಯಕ್ರಮವನ್ನು ಮುಂದುವರಿಸಿದರು. ಕೂಪರ್ ಬದುಕಲಿಲ್ಲ. ನೀಲಾಂಜನೆಯ ಆಸ್ಥಾನವನ್ನು ಇಪ್ಪತ್ತನೆಯ ಶತಮಾನ ತಾನೇ ಕಟ್ಟಿ ತೋರಿಸಿದಂತಾಯಿತು. ಕುಳಿತಿದ್ದ ಸಭೆಯಲ್ಲಿ ವೃಷಭನಿದ್ದನೋ ಇಲ್ಲವೋ, ಬಲ್ಲವರಾರು!

ಇದಕ್ಕೆ ತಿರುವುಮುರುವಾದ ಇನ್ನೊಂದು ಘಟನೆ ಅದೇ ನಗರದಲ್ಲಿ ಇಪ್ಪತ್ತೆಂಟು ವರ್ಷಗಳ ಮುಂಚೆ ನಡೆದಿತ್ತು. 1956ರ ಏಪ್ರಿಲ್ 9ರಂದು ಭಾರತದ ಐಂದ್ರಜಾಲಿಕ ಪಿ. ಸಿ. ಸರ್ಕಾರ್ ಬಿಬಿಸಿಯ ಕಾರ್ಯಕ್ರಮದಲ್ಲಿ ಹುಡುಗಿಯೊಬ್ಬಳನ್ನು ಯಂತ್ರದ ಗರಗಸದಿಂದ ಎರಡು ತುಂಡಾಗಿಸುವ ಆಟವನ್ನು ತೋರಿಸಿದರು. ಅವಳು ಎದ್ದು ನಿಲ್ಲುವ ಮೊದಲೇ ಪ್ರಸಾರದ ಅವಧಿ ಮುಗಿಯಿತು. ಕೊಲೆಯೇ ನಡೆದುಹೋಯಿತೆಂದು ಬೆದರಿದ ವೀಕ್ಷಕರ ಕರೆಗಳಿಂದ ಬಿಬಿಸಿಯ ಟೆಲಿಫೋನುಗಳು ತುಂಬಿಹೋದವು. ಒಮ್ಮೆ ಆಟವನ್ನು ಸಾವೆಂದು ತಿಳಿದು ಅತ್ತ ಜನ, ಇನ್ನೊಮ್ಮೆ ಸಾವನ್ನು ಆಟವೆಂದು ತಿಳಿದು ನಕ್ಕರು. ಇದ್ದುದನ್ನು ಇಲ್ಲವೆಂದೂ ಇಲ್ಲದುದನ್ನು ಇದೆಯೆಂದೂ ಗ್ರಹಿಸುವ ವಿಪರೀತದೃಷ್ಟಿಗೆ ಪಾಠ ಹೇಳುವವರು ಇಷ್ಟು ಹೊಂದುವ ಜೋಡಿ ಉದಾಹರಣೆಯನ್ನು ಹುಡುಕಿ ತರಲಾರರು. ಸರ್ಕಾರ್ ಅವರೂ 1971ರ ಜನವರಿಯಲ್ಲಿ, ಜಪಾನಿನಲ್ಲಿ ಪ್ರದರ್ಶನಗಳನ್ನು ನೀಡುತ್ತಿದ್ದಾಗಲೇ ತೀರಿಕೊಂಡರು.

ಕನ್ನಡನಾಡಿಗೂ ಇಂಥ ಮರಣ ಹೊಸದಲ್ಲ. ಯಕ್ಷಗಾನದ ಮಹಾಕಲಾವಿದ ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ಪಾತ್ರ ನಿರ್ವಹಿಸುತ್ತಿದ್ದಾಗ ಅಸ್ವಸ್ಥರಾಗಿ ತೀರಿಕೊಂಡರು. ಅಲ್ಲಿ ಯಾರೂ ನಗಲಿಲ್ಲ. ಪಾತ್ರಧಾರಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆಂಬ ಅರಿವು ಬಯಲಾಟದ ಪ್ರೇಕ್ಷಕನಿಗೆ ಇರುವಷ್ಟು ಪೆಟ್ಟಿಗೆಯ ಮುಂದೆ ಕುಳಿತವನಿಗೆ ಇರುವುದಿಲ್ಲವೇನೋ.

ಇಷ್ಟು ಹೇಳಿದ ಮೇಲೆ ಹಂಬಲದ ಸ್ವರೂಪವನ್ನು ಗುರುತಿಸುವುದು ಸುಲಭ. ಹಂಬಲವು ಇಂದ್ರನ ಕೆಲಸವನ್ನು ಮಾಡುತ್ತದೆ. ಹೋದದ್ದರ ಸ್ಥಾನದಲ್ಲಿ ಅದನ್ನೇ ಹೋಲುವ ಇನ್ನೊಂದನ್ನು ಸದ್ದಿಲ್ಲದೆ ತಂದು ನಿಲ್ಲಿಸಿ, ತಾಳ ತಪ್ಪದಂತೆ ನೋಡಿಕೊಳ್ಳುತ್ತದೆ. ಆ ಪ್ರತಿರೂಪಕ್ಕೆ ಮೂಲದ ಮೈಯೊಂದನ್ನು ಬಿಟ್ಟು ಉಳಿದೆಲ್ಲ ಇರುತ್ತದೆ. ಬಿಬಿಸಿಯ 'ದಿ ಗುಡ್ ಓಲ್ಡ್ ಡೇಸ್' ಎಂಬ ಕಾರ್ಯಕ್ರಮ 1953ರಿಂದ 1983ರವರೆಗೆ ಲೀಡ್ಸ್ ನಗರದ ಹಳೆಯ ರಂಗಮಂದಿರದಿಂದ ಪ್ರಸಾರವಾಗುತ್ತಿತ್ತು. ಅದನ್ನು ನೋಡಲು ಬಂದ ಸಭಿಕರು ತಮ್ಮ ಅಜ್ಜಅಜ್ಜಿಯರ ಕಾಲದ ಉಡುಪು ತೊಟ್ಟು, ಅಂಟಿಸಿದ ಮೀಸೆ, ಗರಿಯ ಟೋಪಿಗಳೊಡನೆ ಕುಳಿತುಕೊಳ್ಳುತ್ತಿದ್ದರು. ತಾವು ಬದುಕಿರದ ಕಾಲವನ್ನು ಅವರು ಹಂಬಲಿಸುತ್ತಿದ್ದರು. ಇಂದು ಅಲ್ಲಿನ ವೃದ್ಧರು ಆ ಕಾರ್ಯಕ್ರಮವನ್ನೇ ಹಂಬಲಿಸುತ್ತಾರೆ. ಹಂಬಲದ ಹಂಬಲ! ನೀಲಾಂಜನೆಯ ಪ್ರತಿರೂಪವೂ ಮಾಯವಾಗಿ, ಅದರ ಸ್ಥಾನದಲ್ಲಿ ಮೂರನೆಯವಳು ಕುಣಿಯುತ್ತಿದ್ದಾಳೆ. ಇದರ ನಡುವೆ ಬಿಬಿಸಿ, ಬಹುವರ್ಷ, ತನ್ನ ಎಷ್ಟೋ ಮೂಲ ಮುದ್ರಿಕೆಗಳನ್ನು ಅಳಿಸಿ ಅದೇ ಟೇಪುಗಳನ್ನು ಮತ್ತೆ ಬಳಸಿಕೊಂಡಿತು. ಅಪರಿಗ್ರಹಕ್ಕಾಗಿ ಅಲ್ಲ, ಖರ್ಚು ಉಳಿಸಲಿಕ್ಕಾಗಿ.

ಇದು ಪರದೇಶದ ಸುದ್ದಿ ಮಾತ್ರವೆಂದು ಸಮಾಧಾನಪಡುವಂತಿಲ್ಲ. ಗುಬ್ಬಿ ಕಂಪೆನಿಯ ನಾಟಕಗಳನ್ನು, ಡೇರೆ ಮೇಳಗಳ ಇಡೀರಾತ್ರಿಯ ಆಟಗಳನ್ನು, 1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾದ ಕಾಲದ ಒಂದೇ ವಾಹಿನಿಯನ್ನು ನೆನೆದು ನಿಟ್ಟುಸಿರಿಡುವವರು ಇಲ್ಲಿಯೂ ಇದ್ದಾರೆ. ಇದಕ್ಕಿಂತ ಗಂಭೀರವಾದ ಹಂಬಲವೊಂದು ಈ ಬೆಟ್ಟಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಮಾರಾಟಕ್ಕೆ ಬಂದಿದೆ: ದೊರೆಗಳ ಕಾಲದ ಬಂಗಲೆಯಲ್ಲಿ ಎರಡು ದಿನ ವಾಸ. ಹಳೆಯ ಗ್ರಾಮಫೋನು, ಬೆತ್ತದ ಕುರ್ಚಿ, ಗೋಡೆಯ ಮೇಲೆ ಕಾಟಿಯ ಕೊಂಬು. ಕಾಫಿ ಬೆಳೆಯಲು 1850ರ ದಶಕದಲ್ಲಿ ಮಂಜರಾಬಾದಿಗೆ ಬಂದ ಆರ್. ಎಚ್. ಎಲಿಯಟ್ ಎಂಬ ಆಂಗ್ಲ ತೋಟಗಾರ 1894ರಲ್ಲಿ ತನ್ನ ಅನುಭವಗಳ ಪುಸ್ತಕವನ್ನು ಪ್ರಕಟಿಸಿದಾಗ ಅದರ ಹೆಸರಿನಲ್ಲಿ ಚಿನ್ನ, ಕ್ರೀಡೆ, ಕಾಫಿ ಮೂರನ್ನೂ ಒಟ್ಟಿಗೆ ಇರಿಸಿದ. ಕ್ರೀಡೆ ಎಂದರೆ ಬೇಟೆ. ಪಂಚೇಂದ್ರಿಯ ಪ್ರಾಣಿಗಳ ವಧೆ ಒಂದು ವಿನೋದದ ಹೆಸರಿನಲ್ಲಿ ಪುಸ್ತಕದ ಮುಖಪುಟವೇರಿತ್ತು. ಆ ದೊರೆಗಳ ಕ್ಲಬ್ಬಿನಲ್ಲಿ ಸಂಜೆ ಪಿಯಾನೋ ನುಡಿಯುವಾಗ, ಮೇಸ್ತ್ರಿಗೆ ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ ತರಿಸಿದ ಆಳುಗಳು ಲೈನುಮನೆಗಳಲ್ಲಿ ಮಳೆಗೆ ನೆನೆದ ಕಂಬಳಿಯನ್ನು ಒಣಗಿಸಿಕೊಳ್ಳುತ್ತಿದ್ದರು. ಅಂದಿನ ಸುಖವನ್ನು ಇಂದು ಕೊಳ್ಳುವವನು ಕಂಬಳಿಯ ಭಾಗವನ್ನು ಕೊಳ್ಳುವುದಿಲ್ಲ. ಹಂಬಲಕ್ಕೆ ಇದು ಎರಡನೆಯ ದೋಷ: ಅದು ಸುಖವನ್ನು ಉಳಿಸಿಕೊಂಡು ಹಿಂಸೆಯನ್ನು ಅಳಿಸಿದ ಟೇಪು.

ಲೆಸ್ಟರಿನ ವೈದ್ಯರ ಕಥೆಗೆ ಇಲ್ಲಿ ಮರಳಬಹುದು. 1958ರಿಂದ 1978ರವರೆಗೆ ಬಿಬಿಸಿಯಲ್ಲಿ 'ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಷೋ' ಎಂಬ ಸಂಗೀತವಿನೋದ ನಡೆಯುತ್ತಿತ್ತು. ಬಿಳಿಯ ಗಾಯಕರು ಮುಖಕ್ಕೆ ಕಪ್ಪು ಬಳಿದು, ಕಣ್ಣು ಬಾಯಿಗಳ ಸುತ್ತ ಬಿಳುಪು ತೀಡಿ, ನಗುತ್ತ ಹಾಡುತ್ತಿದ್ದರು. ಕೋಟ್ಯಂತರ ಜನ ನೋಡುತ್ತಿದ್ದರು. ವರ್ಣಭೇದವನ್ನು ವಿರೋಧಿಸುವ ಸಂಘಟನೆಯೊಂದು 1967ರಲ್ಲೇ ಇದನ್ನು ನಿಲ್ಲಿಸಬೇಕೆಂದು ಮನವಿ ಸಲ್ಲಿಸಿತು. ಕಾರ್ಯಕ್ರಮ ಇನ್ನೂ ಹನ್ನೊಂದು ವರ್ಷ ನಡೆಯಿತು. ಅದರ ರಂಗಪ್ರದರ್ಶನಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದ ಕಪ್ಪು ಜನಾಂಗದ ತರುಣ ವಿದೂಷಕ ಲೆನ್ನಿ ಹೆನ್ರಿ, ಮುಂದೆ ಆ ದಿನಗಳ ಬಗ್ಗೆ ನೋವಿನಿಂದಲೇ ಮಾತನಾಡಿದರು. 1972ರಲ್ಲಿ ಉಗಾಂಡದಿಂದ ಏಷ್ಯನ್ನರನ್ನು ಹೊರದೂಡಿದಾಗ ಲೆಸ್ಟರಿನ ನಗರಾಡಳಿತ, ತಮ್ಮ ಊರಿಗೆ ಬರಬೇಡಿರೆಂದು ಉಗಾಂಡದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿತು. ಆದರೂ ಜನ ಬಂದರು. ಪೂರ್ವ ಆಫ್ರಿಕದಿಂದ ಬಂದು ಅಲ್ಲಿ ನೆಲೆಸಿದವರಲ್ಲಿ ಜೈನರೂ ಇದ್ದರು. 1988ರಲ್ಲಿ ಆ ಊರಿನ ಹಳೆಯ ಚರ್ಚೊಂದು ಜಿನಮಂದಿರವಾಗಿ ಪ್ರತಿಷ್ಠೆ ಪಡೆಯಿತು.

ನಮ್ಮ ಶ್ರಾವಕರು ಆ ಮಿನ್‌ಸ್ಟ್ರೆಲ್ಲರನ್ನೂ ನೋಡಿದ್ದರು, ನಕ್ಕಿದ್ದರು ಎಂದಿಟ್ಟುಕೊಳ್ಳೋಣ. ಮರುದಿನ ಆಸ್ಪತ್ರೆಯಲ್ಲಿ ರೋಗಿಯೊಬ್ಬಳು ಕಂದುಬಣ್ಣದ ಕೈ ತನ್ನನ್ನು ಮುಟ್ಟಬಾರದೆಂದಾಗ, ಹಿಂದಿನ ರಾತ್ರಿಯ ನಗೆಗೂ ಈ ಮಾತಿಗೂ ನಂಟಿರಬಹುದೆಂದು ಅವರಿಗೆ ಹೊಳೆಯಲಿಲ್ಲ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳಿಂದಲೂ ಕರ್ಮ ಒಳಬರುತ್ತದೆಂದು ಬಲ್ಲ ಜೈನನಿಗೆ, ನಗೆಯೂ ಒಂದು ಅನುಮೋದನೆಯೆಂದು ಬೇರೆ ಹೇಳಬೇಕಾಗಿಲ್ಲ. ಎಂಬತ್ತೇಳರ ವಯಸ್ಸಿನಲ್ಲಿ ಪಲೇಡಿಯಂ ಅವರ ನೆನಪಿಗೆ ಬರುತ್ತದೆ, ಮಿನ್‌ಸ್ಟ್ರೆಲ್ಲರು ಬರುವುದಿಲ್ಲ. ಬಂದರೂ ಅವರು ಬೆರಳಿನಿಂದ ಆ ಚಿತ್ರವನ್ನು ಬೇಗನೆ ಸರಿಸಿಬಿಡುತ್ತಾರೆ.

ಹಾಗಾದರೆ ಸ್ಮೃತಿಯನ್ನೇ ತೊರೆಯಬೇಕೆ? ಅದು ಜೈನಧರ್ಮದ ನಿಲುವಾಗಲಾರದು. ನೆನಪಿಲ್ಲದೆ ಪ್ರತಿಕ್ರಮಣವಿಲ್ಲ, ಆಗಿಹೋದುದನ್ನು ಇದ್ದಂತೆಯೇ ನೋಡಿ ಒಪ್ಪಿಕೊಳ್ಳುವುದೇ ಆಲೋಚನೆ. ವಿನೋದವನ್ನೂ ಕಲೆಯನ್ನೂ ಧರ್ಮ ಹೊರದೂಡಿದ್ದಿಲ್ಲ. ಗೀತನೃತ್ಯಗಳಲ್ಲಿ ಪ್ರವೀಣೆಯೆಂದು ಶಾಸನಗಳು ಹೊಗಳುವ ಶಾಂತಲಾದೇವಿಯೇ 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಾಗ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನವನ್ನು ಕೈಗೊಂಡಳು. ಮಗಳ ಕುಣಿತ ಆ ತಾಯಿಗೆ ನೆನಪಾಗಲಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಮಗಳ ಪ್ರತಿರೂಪವೊಂದನ್ನು ಎದುರಿಗೆ ನಿಲ್ಲಿಸಿಕೊಂಡು ಅವಳು ಸಮಾಧಾನ ಪಡೆಯಲಿಲ್ಲ.

ಆದಿಪುರಾಣದಲ್ಲಿಯೇ ಸ್ಮೃತಿಯ ಎರಡು ಬಗೆಗಳು ಒಂದೇ ಜೀವದಲ್ಲಿ ಕಾಣಿಸಿಕೊಳ್ಳುತ್ತವೆ. ಇದು ಸಾಮಾನ್ಯವಾಗಿ ಓದುಗರ ಗಮನದಿಂದ ತಪ್ಪಿಹೋಗುವ ಸಂಗತಿ. ಶ್ರೀಮತಿಗೆ ಜಾತಿಸ್ಮರಣೆಯಾದಾಗ ಅವಳು ಬಯಸುವುದು ಹಿಂದಿನ ಭವದ ನಲ್ಲನಾದ ಲಲಿತಾಂಗದೇವನನ್ನು. ಆ ಭವದ ಸುಖಗಳನ್ನು ಪಟದಲ್ಲಿ ಬರೆದು, ದಾದಿ ಪಂಡಿತೆಯ ಕೈಗೆ ಕೊಟ್ಟು, ಅದನ್ನು ಗುರುತಿಸುವವನನ್ನು ಹುಡುಕಿಸುತ್ತಾಳೆ. ತೆರೆಯ ಮೇಲೆ ಹಳೆಯ ಸುಖವನ್ನು ಮೂಡಿಸಿಕೊಂಡು ನೋಡುವುದು ಇಂದಿನವರ ಹೊಸ ಚಾಳಿಯೇನಲ್ಲ! ಅವಳು ವಜ್ರಜಂಘನನ್ನು ಪಡೆಯುತ್ತಾಳೆ. ಇಬ್ಬರೂ ಶಯ್ಯಾಗೃಹದ ಧೂ‌ಪದ ಹೊಗೆಯಲ್ಲಿ ಉಸಿರುಕಟ್ಟಿ ಒಟ್ಟಿಗೆ ಸಾಯುತ್ತಾರೆ. ಹಲವು ಭವಗಳು ಕಳೆದು ವಜ್ರಜಂಘನ ಜೀವ ವೃಷಭನಾಥನಾಗುತ್ತದೆ, ಶ್ರೀಮತಿಯ ಜೀವ ಹಸ್ತಿನಾಪುರದ ಶ್ರೇಯಾಂಸನಾಗುತ್ತದೆ. ದೀಕ್ಷೆ ವಹಿಸಿದ ವೃಷಭಮುನಿ ಆಹಾರಕ್ಕೆಂದು ಬಂದಾಗ ಜನರು ರತ್ನಗಳನ್ನೂ ಆನೆಕುದುರೆಗಳನ್ನೂ ತಂದೊಡ್ಡುತ್ತಾರೆ. ಮುನಿಗೆ ಏನು ಕೊಡಬೇಕೆಂದು ಆ ಯುಗದಲ್ಲಿ ತಿಳಿದವರಿಲ್ಲ. ಶ್ರೇಯಾಂಸನಿಗೆ ಮತ್ತೆ ಜಾತಿಸ್ಮರಣೆಯಾಗುತ್ತದೆ. ಈ ಸಲ ಅವನಿಗೆ ನೆನಪಾಗುವುದು ಶ್ರೀಮತಿಯಾಗಿದ್ದಾಗ ಚಾರಣಮುನಿಗಳಿಗೆ ತಾನೂ ವಜ್ರಜಂಘನೂ ಆಹಾರವಿತ್ತ ರೀತಿ. ಅವನು ಕಬ್ಬಿನ ರಸವನ್ನು ನೀಡುತ್ತಾನೆ. ಅಕ್ಷಯತದಿಗೆಯೆಂದು ಇಂದಿಗೂ ಆಚರಿಸುವುದು ಆ ದಿನವನ್ನೇ. ನೆನಪಿನ ಶಕ್ತಿ ಎರಡು ಬಾರಿಯೂ ಅದೇ. ಮೊದಲ ಬಾರಿ ಅದು ಪಡೆದ ಸುಖವನ್ನು ಹುಡುಕಿತು. ಎರಡನೆಯ ಬಾರಿ, ಕೊಟ್ಟ ಅನ್ನವನ್ನು.

ಮಳೆಯ ಸಂಜೆಗೆ ಹಿಂದಿರುಗಿದರೆ, ತೆರೆಯ ಮೇಲೆ ಪಲೇಡಿಯಂನ ವೇದಿಕೆ ತಿರುಗುತ್ತಿದೆ. ಶ್ರಾವಕರು ಮೊಮ್ಮಗಳಿಗೆ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾರೆ: ಇವನು ಇಂಥವನು, ಇವಳು ಇಂಥವಳು. ಒಂದೂ ತಪ್ಪುವುದಿಲ್ಲ.

"ಅಜ್ಜಾ, ಇವರಲ್ಲಿ ಈಗ ಯಾರು ಇದ್ದಾರೆ?"

ಅವರು ಎಣಿಸಿ ನೋಡುತ್ತಾರೆ. "ಯಾರೂ ಇಲ್ಲ ಮಗು."

"ಆಗ ನೀವು ಇದನ್ನು ಎಲ್ಲಿ ಕೂತು ನೋಡಿದ್ರಿ? ನಿಮ್ಮ ಹತ್ತಿರ ಟಿ.ವಿ. ಇತ್ತಾ?"

ಇರಲಿಲ್ಲ. ಅವರು ಬಾಡಿಗೆಗಿದ್ದ ಮನೆಯ ಒಡತಿಯ ಬಳಿ ಇತ್ತು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು. ಭಾನುವಾರ ರಾತ್ರಿ ತನ್ನ ಕೋಣೆಗೆ ಕರೆದು ಬೆಂಕಿಯ ಬಳಿಯ ಕುರ್ಚಿಯನ್ನು ಅವರಿಗೆ ಬಿಟ್ಟುಕೊಡುತ್ತಿದ್ದಳು. ಈ ಹುಡುಗ ಮಾಂಸ, ಮೊಟ್ಟೆ, ಗೆಡ್ಡೆ ತಿನ್ನುವುದಿಲ್ಲ, ಕತ್ತಲಾದ ಮೇಲೆ ಏನನ್ನೂ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಅವನಿಗಾಗಿ ಬೇರೆ ಪಾತ್ರೆಯೊಂದನ್ನು ಕೊಂಡು ತಂದು, ಮೇಲೆ ಕೆಂಪು ದಾರ ಕಟ್ಟಿ ಇಟ್ಟಿದ್ದಳು. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೇ ಹೊತ್ತು ಮುಳುಗುತ್ತದೆ. ಭಾನುವಾರಗಳಲ್ಲಿ ಅವಳು ಮೂರೂವರೆಗೆ ಬಟಾಣಿ ಬೇಯಿಸಿ, ಬ್ರೆಡ್ಡು ಸುಟ್ಟು, ಕಿಟಕಿಯ ಬೆಳಕಿನಲ್ಲಿ ಕೂರಿಸಿ ಬಡಿಸುತ್ತಿದ್ದಳು. ಆ ವ್ರತದ ಹೆಸರಾಗಲಿ ಕಾರಣವಾಗಲಿ ಅವಳಿಗೆ ತಿಳಿದಿರಲಿಲ್ಲ. ಅದನ್ನು ಒಂದು ದಿನವೂ ಕೆಡಿಸಲಿಲ್ಲ. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ ವೈದ್ಯರು ಅವಳನ್ನು ಮತ್ತೆ ನೋಡಲು ಹೋದದ್ದು ಒಮ್ಮೆಯೋ ಎರಡು ಬಾರಿಯೋ. ಅದೇ ಊರಿನಲ್ಲಿ ಮೂವತ್ತು ವರ್ಷ ಇದ್ದರು.

ಇದನ್ನೆಲ್ಲ ಹೇಳಿ ಮುಗಿಸುವ ವೇಳೆಗೆ ತೆರೆಯ ಮೇಲಿನ ಕಾರ್ಯಕ್ರಮ ಮುಗಿದು ಬಹಳ ಹೊತ್ತಾಗಿತ್ತು. ಅವರು ಅದನ್ನು ಮತ್ತೆ ಹಾಕೆಂದು ಕೇಳಲಿಲ್ಲ.

"ಅವರ ಹೆಸರೇನು, ಅಜ್ಜಾ?"

ಶ್ರಾವಕರು ಬಾಯಿ ತೆರೆದರು. ಹೆಸರು ಬರಲಿಲ್ಲ. ಕಣ್ಣು ಮುಚ್ಚಿ ಆ ಬೀದಿಯನ್ನು, ಬಾಗಿಲಿನ ಮೇಲಿನ ಹಿತ್ತಾಳೆಯ ಅಂಕಿಯನ್ನು, ಪಾತ್ರೆಯ ಹಿಡಿಕೆಯ ಕೆಂಪು ದಾರವನ್ನು ಕಂಡರು. ಹೆಸರು ಬರಲಿಲ್ಲ. ಒಳಕೋಣೆಯಲ್ಲಿ ಸಾಮಾಯಿಕ ಮುಗಿಸಿ ಎದ್ದ ಮಡದಿ, "ಇದೇನ್ರೀ, ಹೀಗೆ ಕೂತಿದ್ದೀರಿ, ಕರೆಂಟು ಹೋಯಿತೇ?" ಎಂದು ಕೇಳಿದರು.

ನಡುರಾತ್ರಿ ಕಳೆದ ಮೇಲೆ, ಮಳೆ ಸ್ವಲ್ಪ ಇಳಿದಿದ್ದಾಗ, ಅದು ನೆನಪಾಯಿತು. ಅವರು ಎದ್ದು, ದೀಪ ಹಾಕದೆ, ಪೂಜೆಯ ಪುಸ್ತಕದೊಳಗಿನ ಚೀಟಿಯೊಂದರ ಮೇಲೆ ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಆ ಹೆಸರನ್ನು ಬರೆದಿಟ್ಟರು.